ಬಿಳಿ ಬಳಿದ ಮಾತ್ರಕ್ಕೆ ಕೋಣೆ ದೊಡ್ಡದಾಗುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ಸಣ್ಣ ಕೋಣೆ ದೊಡ್ಡದಾಗಿ ಕಾಣಬೇಕಾದರೆ ಅಚ್ಚ ಬಿಳಿ ಬಳಿಸಿ ಎಂದು ನಿಮ್ಮ ಮನೆ ಪುರವಣಿಯಲ್ಲಿ ಬಂದಿತ್ತು. ನಾನು ಕಾಮಾಕ್ಷಿಪಾಳ್ಯದಲ್ಲಿರುವ ಪೇಂಟಿಂಗ್ ಮೇಸ್ತ್ರಿ. ಗೌರಿ ಹಬ್ಬ ಹತ್ತಿರ ಬಂತು. ಆ ಪುಟ ಕತ್ತರಿಸಿಟ್ಟುಕೊಂಡು ‘ಇದೇ ಥರ ಮಾಡಿಕೊಡಿ’ ಎನ್ನುವವರು ಜಾಸ್ತಿಯಾಗಿದ್ದಾರೆ. ಅವರಿಗೆಲ್ಲ ಒಬ್ಬೊಬ್ಬರಾಗಿ ಹೇಳುವ ಬದಲು ನಿಮಗೇ ಬರೆಯುತ್ತಿದ್ದೇನೆ.

ನೀವು ಹಾಕಿದ ಫೋಟೊದಲ್ಲಿ ಹಾಲ್‌ಗೆ ಎರಡು ಕಡೆ ದೊಡ್ಡ ಕಿಟಕಿ. ನಾವು ಕೆಲಸ ಮಾಡುವುದು 20×30 ಸೈಟಿನ ಮೇಲೆ ಮೂರು ನಾಲ್ಕು ಮಹಡಿ ಎಬ್ಬಿಸಿದ ಮನೆಗಳಲ್ಲಿ. ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ ಕೈಗೇ ಸಿಗುತ್ತದೆ. ಬಿಳಿ ಬಣ್ಣ ತಾನಾಗಿ ಬೆಳಕು ಕೊಡುವುದಿಲ್ಲ, ಬಂದ ಬೆಳಕನ್ನು ವಾಪಸ್ ಎಸೆಯುತ್ತದೆ. ಬರುವುದೇ ಕಡಿಮೆಯಾದರೆ ಬಿಳಿ ಗೋಡೆ ಬೂದಿ ಬಣ್ಣಕ್ಕೆ ತಿರುಗಿ, ಮೂಲೆಗಳು ಇನ್ನೂ ಮಬ್ಬಾಗಿ, ಕೋಣೆ ಮೊದಲಿಗಿಂತ ಚಿಕ್ಕದೆನಿಸುತ್ತದೆ. ಶ್ರೀರಾಂಪುರದ ಒಂದು ಮನೆಯಲ್ಲಿ ಎರಡು ಕೋಟು ಅಚ್ಚ ಬಿಳಿ ಹೊಡೆದ ಮೇಲೂ ಗೋಡೆ ತಿಳಿ ಹಸಿರಾಗಿ ಕಾಣುತ್ತಿತ್ತು. ಯಜಮಾನರು ಡಬ್ಬ ಬದಲಾಗಿದೆ ಎಂದೇ ಗಲಾಟೆ ಮಾಡಿದರು. ಕಿಟಕಿಗೆ ಒಂದು ಬೆಡ್‌ಶೀಟ್ ಅಡ್ಡ ಹಿಡಿದು ತೋರಿಸಿದೆ. ಹಸಿರು ಹೋಯಿತು. ಎದುರು ಮನೆಯ ಗೋಡೆ ಗಾಢ ಹಸಿರು, ಅದರ ಬೆಳಕೇ ಒಳಗೆ ಬರುತ್ತಿತ್ತು. ಕೆಂಪು ಗಾರೆ ನೆಲದ ಹಳೇ ಮನೆಗಳಲ್ಲೂ ಹೀಗೇ, ಗೋಡೆಯ ಕೆಳಭಾಗ ಗುಲಾಬಿ ಹೊಡೆಯುತ್ತದೆ.

ಬೆಳಕು ಕಡಿಮೆ ಇರುವ ಕೋಣೆಗೆ ನಾನು ಕೆನೆ ಬಣ್ಣ ಇಲ್ಲವೇ ಒಂಚೂರು ಹಳದಿ ಬೆರೆತ ಆಫ್‌ವೈಟ್ ಹೇಳುತ್ತೇನೆ. ಯಾವ ಬಣ್ಣ ಎಷ್ಟು ಬೆಳಕು ವಾಪಸ್ ಕೊಡುತ್ತದೆ ಎಂಬುದಕ್ಕೆ 0ಯಿಂದ 100ರವರೆಗೆ ಎಲ್‌ಆರ್‌ವಿ ಎಂಬ ಲೆಕ್ಕ ಇದೆ. 75ರಿಂದ 85ರೊಳಗಿನ ಶೇಡ್ ಸಾಕು. ಕಿಟಕಿ ಯಾವ ದಿಕ್ಕಿಗಿದೆ ಎಂಬುದನ್ನೂ ನೋಡಬೇಕು. ನಮ್ಮ ಊರಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಉಳಿದ ತಿಂಗಳೆಲ್ಲ ದಕ್ಷಿಣಕ್ಕೆ. ಹಾಗಾಗಿ ಉತ್ತರದ ಕಿಟಕಿಯ ಕೋಣೆಗೆ ನೇರ ಬಿಸಿಲು ಅಪರೂಪ, ನೀಲಿ ಛಾಯೆಯ ತಣ್ಣನೆ ಬೆಳಕೇ ಹೆಚ್ಚು. ಅಲ್ಲಿ ನೀಲಿ ಬೆರೆತ ಬಿಳಿ ಬಳಿದರೆ ಆಸ್ಪತ್ರೆ ವಾರ್ಡಿನ ಹಾಗಿರುತ್ತದೆ.

ಶೇಡ್ ಕಾರ್ಡಿನ ಬಗ್ಗೆ ಒಂದು ಮಾತು. ಬೆರಳಗಲದ ಚೀಟಿಯಲ್ಲಿ ತಿಳಿಯಾಗಿ ಕಂಡ ಬಣ್ಣ ನಾಲ್ಕು ಗೋಡೆಗೆ ಬಂದಾಗ ಗಾಢವಾಗುತ್ತದೆ. ಒಂದು ಗೋಡೆಯ ಬೆಳಕು ಇನ್ನೊಂದಕ್ಕೆ ಬಿದ್ದು ಬಣ್ಣಕ್ಕೆ ಬಣ್ಣ ಸೇರುತ್ತಾ ಹೋಗುತ್ತದೆ. ಕೋಣೆ ಚಿಕ್ಕದಾದಷ್ಟೂ ಜಾಸ್ತಿ. ಪಿಸ್ತಾ ಆರಿಸಿದವರು ಆಮೇಲೆ ‘ಇದೇನು ಗಿಳಿ ಹಸಿರು ಬಳಿದಿದ್ದೀರಿ’ ಎಂದು ನನ್ನ ಮೇಲೆ ರೇಗುತ್ತಾರೆ. ಇಷ್ಟವಾದ ಶೇಡಿಗಿಂತ ಒಂದು ಮೆಟ್ಟಿಲು ತಿಳಿಯಾದ ಶೇಡನ್ನೇ ತೊಗೊಳ್ಳಿ. ಅದಕ್ಕೂ ಮೊದಲು ಚಿಕ್ಕ ಡಬ್ಬ ತಂದು ದೊಡ್ಡ ರಟ್ಟಿಗೆ ಎರಡು ಕೋಟು ಹೊಡೆದು, ಗೋಡೆಯಿಂದ ಗೋಡೆಗೆ ಒರಗಿಸಿ ನೋಡಿ. ಬೆಳಿಗ್ಗೆಯೂ ನೋಡಿ, ರಾತ್ರಿ ಟ್ಯೂಬ್‌ಲೈಟಲ್ಲೂ ನೋಡಿ. ಕೆಲಸಕ್ಕೆ ಹೋಗುವ ಮನೆಯವರು ಕೋಣೆಯಲ್ಲಿರುವುದೇ ರಾತ್ರಿ, ಅಲ್ವಾ?

ನನ್ನ ಪ್ರಕಾರ ಬಣ್ಣಕ್ಕಿಂತ ಕಾಟ ಕೊಡುವುದು ಗೆರೆ. ಹಳೇ ವಠಾರದ ಮನೆಗಳಲ್ಲಿ ಸೊಂಟದೆತ್ತರಕ್ಕೆ ಕಾಫಿ ಬಣ್ಣದ ಆಯಿಲ್ ಪೇಂಟ್, ಅದರ ಮೇಲೊಂದು ಕಪ್ಪು ಗೆರೆ, ಮೇಲೆ ಡಿಸ್ಟೆಂಪರ್, ಸೀಲಿಂಗಿಗೆ ಸುಣ್ಣ. ಮಕ್ಕಳ ಕೈ ಕೊಳೆ ಕಾಣದಿರಲಿ ಎಂದು ಮಾಡಿದ್ದು, ತಪ್ಪೇನಿಲ್ಲ. ಆದರೆ ಹತ್ತಡಿ ಗೋಡೆ ಮೂರು ತುಂಡಾಗುತ್ತದೆ, ಸೀಲಿಂಗ್ ಕೆಳಗಿಳಿದ ಹಾಗೆ ಕಾಣುತ್ತದೆ. ಗೋಡೆ, ಸೀಲಿಂಗ್, ಸಜ್ಜಾದ ಕೆಳಭಾಗ, ಬಾಗಿಲ ಚೌಕಟ್ಟು ಎಲ್ಲಕ್ಕೂ ಒಂದೇ ಬಣ್ಣ ಹೋಗಲಿ. ಕಣ್ಣಿಗೆ ತಡೆ ಸಿಗದಿದ್ದರೆ ಕೋಣೆ ಎಲ್ಲಿ ಮುಗಿಯಿತು ಎಂದು ಥಟ್ಟನೆ ಗೊತ್ತಾಗುವುದಿಲ್ಲ. ಮಂಚಕ್ಕೆ ಎದುರಾಗಿ ಸಜ್ಜಾದ ಅಂಚಿಗೆ ಮೆರೂನ್ ಪಟ್ಟಿ ಹೊಡೆಸುವವರಿದ್ದಾರೆ. ಮಲಗಿದವರ ತಲೆ ಮೇಲೇ ಬಂದ ಹಾಗಿರುತ್ತದೆ.

ಆ ಹಳೇ ಆಯಿಲ್ ಪೇಂಟ್ ಕೆರೆಯುವಾಗ ಹುಷಾರು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಎಂಬ ವಿಷಲೋಹ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಎಷ್ಟಿದೆಯೋ. ಒಣಗೋಡೆಯನ್ನು ಎಮರಿ ಪೇಪರಲ್ಲಿ ಉಜ್ಜಿಸಬೇಡಿ. ಒದ್ದೆ ಮಾಡಿಯೇ ಉಜ್ಜಿಸಿ, ಮಕ್ಕಳನ್ನೂ ಬಸುರಿಯರನ್ನೂ ಅಷ್ಟು ಹೊತ್ತು ಬೇರೆ ಕಡೆ ಕಳಿಸಿ.

ಗಾಢ ಬಣ್ಣವೇ ಬೇಡ ಎನ್ನುವವನೂ ನಾನಲ್ಲ. ರೈಲು ಬೋಗಿ ಥರದ ಉದ್ದನೆ ಮನೆಗಳಿವೆಯಲ್ಲ, ಅಲ್ಲಿ ಕೊನೆಯ ಕಿರುಗೋಡೆಗೆ ಇಟ್ಟಿಗೆ ಬಣ್ಣವನ್ನೋ ಗಾಢ ನೀಲಿಯನ್ನೋ ಹಾಕಿದರೆ ಆ ಗೋಡೆ ಹತ್ತಿರ ಬಂದಂತೆ ಕಾಣುತ್ತದೆ. ಓಣಿಯಲ್ಲಿ ಕೂತಂತಾಗುವುದಿಲ್ಲ, ಅಗಲ ಸ್ವಲ್ಪ ಹೆಚ್ಚಿದ ಹಾಗಿರುತ್ತದೆ. ಉದ್ದದ ಗೋಡೆಗಳು ಮಾತ್ರ ತಿಳಿಯಾಗಿಯೇ ಇರಬೇಕು.

ಕೊನೆಗೆ, ಮನೆ ಮಾಲೀಕರಿಗೆ ಒಂದು ಮನವಿ. ಖಾಲಿ ಮಾಡಿದವರ ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಬೆಂಗಳೂರಲ್ಲಿ ಮಾಮೂಲು. ಆಮೇಲೆ ‘ಬಾಡಿಗೆ ಮನೆ ತಾನೇ’ ಎಂದು ಬೇರೆಲ್ಲೋ ಉಳಿದ ಅರ್ಧ ಡಬ್ಬಕ್ಕೆ ನೀರು ಬೆರೆಸಿ ಒಂದೇ ಕೋಟು ಎಳೆಯಲು ನಮಗೆ ಹೇಳುತ್ತಾರೆ. ಹಳೇ ಕಲೆ ಮೂರೇ ತಿಂಗಳಿಗೆ ಇಣುಕುತ್ತದೆ. ಹೊಸದಾಗಿ ಬರುವವರನ್ನು ಕರೆದು ಯಾವ ಶೇಡ್ ಬೇಕು ಎಂದು ಕೇಳಿ. ತಿಳಿ ಶೇಡುಗಳ ರೇಟು ಹೆಚ್ಚುಕಡಿಮೆ ಒಂದೇ. ದುಡ್ಡು ಹೇಗೂ ಹಿಂದಿನವರದು.

— ಒಬ್ಬ ಪೇಂಟಿಂಗ್ ಮೇಸ್ತ್ರಿ, ಕಾಮಾಕ್ಷಿಪಾಳ್ಯ, ಬೆಂಗಳೂರು