ಹನಿ ಅಳೆಯಲು ಹೊರಟ ತಂಗಿಯ ಮಗಳಿಗೆ

ಸಾಗರ,
ಆಷಾಢ, ಭಾನುವಾರ

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಾಲ್ಕು ದಿನಗಳಿಂದ ಮಳೆ ಬಿಟ್ಟಿಲ್ಲ. ನಿನ್ನ ಪತ್ರವನ್ನು ಎರಡು ಸಲ ಓದಿದೆ. ಗಾಜಿನ ಮೇಲೆ ನೀರಿನ ಹನಿಯ ಸಂಪರ್ಕ ಕೋನ, ಅಂದರೆ ಹನಿಯ ಅಂಚು ಗಾಜನ್ನು ಮುಟ್ಟುವ ಕಡೆ ಮಾಡುವ ಕೋನ, ಸೋಮವಾರ 12 ಡಿಗ್ರಿ, ಮಂಗಳವಾರ 27, ಗುರುವಾರ 38 ಬಂತು, ‘ನನ್ನ ಕೈಯೇ ಸರಿಯಿಲ್ಲ ದೊಡ್ಡಮ್ಮ’ ಎಂದು ಬರೆದಿದ್ದೀಯ. ಚೆನ್ನಾಗಿ ಬಂದ ಹತ್ತು ಚಿತ್ರಗಳನ್ನು ಆರಿಸಿಕೊಂಡು ಸರಾಸರಿ ಹಾಕು ಎಂದು ಲ್ಯಾಬಿನ ಹಿರಿಯರೊಬ್ಬರು ಹೇಳಿದರಂತೆ. ಹಾಗೆ ಮಾಡಬೇಡ. ಅದನ್ನು ಹೇಳಲೆಂದೇ ಕೂತು ಬರೆಯುತ್ತಿದ್ದೇನೆ.

ನಿನ್ನ ಕೈ ಸರಿಯಾಗಿಯೇ ಇದೆ, ಬದಲಾದದ್ದು ಗಾಜು. ಆಗಷ್ಟೇ ಚೆನ್ನಾಗಿ ತೊಳೆದ ಗಾಜಿನ ಮೇಲೆ ನೀರು ಹೆಚ್ಚುಕಡಿಮೆ ಪೂರ್ತಿ ಹರಡಿಬಿಡುತ್ತದೆ, ಕೋನ ಸೊನ್ನೆಯ ಹತ್ತಿರ ಇರುತ್ತದೆ. ಅದೇ ಗಾಜನ್ನು ತೆರೆದಿಟ್ಟರೆ ಗಾಳಿಯಲ್ಲಿ ತೇಲುವ ಜಿಡ್ಡಿನ ಆವಿ ಅದರ ಮೇಲೆ ಮೆಲ್ಲಗೆ ಕೂರುತ್ತದೆ. ಆ ಪದರ ಕಣ್ಣಿಗೆ ಕಾಣುವುದಿಲ್ಲ, ನಿಮ್ಮ ತಕ್ಕಡಿಗೂ ಸಿಗುವುದಿಲ್ಲ, ಆದರೆ ಹನಿಗೆ ಗೊತ್ತಾಗುತ್ತದೆ. ಶುದ್ಧ ಚಿನ್ನದ ಮೇಲೆ ನೀರು ಹರಡುತ್ತದೆಯೋ ಇಲ್ಲವೋ ಎಂದು ತಿಳಿದವರೇ ವರ್ಷಗಟ್ಟಲೆ ವಾದಿಸಿದರು. ಹರಡುತ್ತದೆ. ಹನಿ ಗುಂಡಗೆ ನಿಂತಾಗ ಅವರು ನೋಡುತ್ತಿದ್ದದ್ದು ಚಿನ್ನದ ಮೇಲಿನ ಜಿಡ್ಡನ್ನು. ನಿನ್ನ 12, 27, 38 ತಪ್ಪು ಅಂಕಿಗಳಲ್ಲ, ಆ ಗಾಜು ವಾರವನ್ನು ಹೇಗೆ ಕಳೆಯಿತು ಎಂಬುದರ ದಾಖಲೆ. ಹಾಗಾಗಿ ಪ್ರತಿ ಅಳತೆಯ ಪಕ್ಕದಲ್ಲಿ ಗಾಜು ತೊಳೆದ ಹೊತ್ತು, ಹನಿ ಇಟ್ಟ ಹೊತ್ತು ಎರಡನ್ನೂ ಬರೆದಿಡು. ಗಾಜನ್ನು ಚಿಮುಟದಿಂದ ಅಂಚಿನಲ್ಲೇ ಹಿಡಿ. ತೊಳೆಯಲು ಗಂಧಕಾಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸುತ್ತೀರಂತೆ. ಅಸಿಟೋನ್ ಬಾಟಲಿ ಆ ಮೇಜಿನ ಸುತ್ತಮುತ್ತ ಇರಕೂಡದು, ಒಬ್ಬಳೇ ಇರುವಾಗ ಅದನ್ನು ಬೆರೆಸಲೂಕೂಡದು. ಸ್ಫೋಟವಾಗುತ್ತದೆ. ನನಗೆ ಮಾತು ಕೊಡು.

1805ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ ಬರೆದದ್ದನ್ನು ನೀನು ಓದಿಯೇ ಇರುತ್ತೀಯ. ಹನಿಯ ಅಂಚಿನಲ್ಲಿ ಮೇಲ್ಮೈಗಳ ಮೂರು ಎಳೆತಗಳು ಸೇರುತ್ತವೆ: ಘನ ಮತ್ತು ಗಾಳಿಯ ನಡುವಿನದು, ಘನ ಮತ್ತು ದ್ರವದ ನಡುವಿನದು, ದ್ರವ ಮತ್ತು ಗಾಳಿಯ ನಡುವಿನದು. ಅವು ಸಮತೂಗಿದ ಕಡೆ ಕೋನ ನಿಲ್ಲುತ್ತದೆ. ನಮಗೆ ನೇರವಾಗಿ ಅಳೆಯಲು ಸಿಗುವುದು ಕೊನೆಯ ಎಳೆತ ಮತ್ತು ಆ ಕೋನ, ಎರಡೇ. ಉಳಿದ ಎರಡು ಎಳೆತಗಳ ವ್ಯತ್ಯಾಸ ಮಾತ್ರ ದೊರೆಯುತ್ತದೆ, ಬಿಡಿಬಿಡಿಯಾಗಿ ಯಾವುದೂ ದೊರೆಯುವುದಿಲ್ಲ. ಒಂದೇ ದ್ರವದಿಂದ ಘನದ ಮೇಲ್ಮೈ ಶಕ್ತಿ, ಅಂದರೆ ಆ ಮೊದಲನೆಯ ಎಳೆತ, ಇಷ್ಟು ಎಂದು ಕಂಪ್ಯೂಟರ್ ಎರಡು ದಶಾಂಶಗಳವರೆಗೆ ಬರೆದುಕೊಟ್ಟರೆ, ಅದರೊಳಗೆ ಯಾವ ಊಹೆ ಅಡಗಿದೆ ಎಂದು ಕೇಳು. ಕನಿಷ್ಠ ಎರಡು ದ್ರವ ಬೇಕು. ನೀರು ಮತ್ತು ಡೈಅಯೊಡೊಮೀಥೇನ್ ಎಂಬ ದ್ರವ ಒಳ್ಳೆಯ ಜೋಡಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದರ ಎಳೆತ 72.8, ಇನ್ನೊಂದರದು 50.8 ಮಿಲಿನ್ಯೂಟನ್ ಪ್ರತಿ ಮೀಟರ್. ಅದೂ ಒಂದು ಗಣಿತದ ಮಾದರಿಯ ಮೇಲೆ ನಿಂತ ಲೆಕ್ಕವೇ. ಯಾವ ಮಾದರಿ ಎಂದು ಅಂಕಿಯ ಜೊತೆಗೇ ಬರೆಯಬೇಕು.

ಈಗ ಎದ್ದು ಕಿಟಕಿಯ ಹತ್ತಿರ ಹೋಗು. ನಿಮ್ಮಲ್ಲೂ ಮಳೆ ಇದ್ದರೆ ಗಾಜಿನ ಮೇಲೆ ಜಾರದೆ ನಿಂತ ಹನಿಯೊಂದನ್ನು ಪಕ್ಕದಿಂದ ನೋಡು. ಕೆಳಗಿನ ಅಂಚು ಹೊಟ್ಟೆ ಉಬ್ಬಿಸಿಕೊಂಡಿರುತ್ತದೆ, ಮೇಲಿನ ಅಂಚು ತೆಳ್ಳಗೆ ಎಳೆದುಕೊಂಡಿರುತ್ತದೆ. ಒಂದೇ ಹನಿ, ಒಂದೇ ಗಾಜು, ಆದರೂ ಎರಡು ಕೋನ. ಆ ವ್ಯತ್ಯಾಸವೇ ಹನಿಯನ್ನು ಹಿಡಿದು ನಿಲ್ಲಿಸಿದೆ. ಪಿಪೆಟ್ಟಿನಿಂದ ಹನಿ ಇಟ್ಟು ಒಂದು ಚಿತ್ರ ತೆಗೆದರೆ ಈ ಎರಡರ ನಡುವಿನ ಯಾವುದೋ ಒಂದು ಕೋನ ಸಿಗುತ್ತದೆ, ಅದು ಎಲ್ಲಿ ನಿಲ್ಲುತ್ತದೆಂಬುದು ಹನಿ ಇಟ್ಟ ರೀತಿಯ ಮೇಲೆ ಹೋಗುತ್ತದೆ. ಆದ್ದರಿಂದ ಸೂಜಿಯನ್ನು ಹನಿಯೊಳಗೇ ಬಿಟ್ಟು ನಿಧಾನವಾಗಿ ನೀರು ತುಂಬು. ಅಂಚು ಮೊದಲು ಅಲ್ಲಾಡುವುದಿಲ್ಲ, ಕೋನ ಏರುತ್ತಾ ಹೋಗುತ್ತದೆ, ಆಮೇಲೆ ಅಂಚು ಹೊರಗೆ ಸರಿಯತೊಡಗುತ್ತದೆ. ಸರಿಯುವಾಗಿನ ಕೋನವೇ ಮುನ್ನಡೆಯ ಕೋನ. ಹಾಗೆಯೇ ನೀರನ್ನು ಹಿಂದಕ್ಕೆಳೆದು ಹಿನ್ನಡೆಯ ಕೋನವನ್ನೂ ತೆಗೆ. ಎರಡನ್ನೂ ವರದಿ ಮಾಡು. ಒಂದನ್ನೇ ಕೊಟ್ಟ ಪ್ರಬಂಧವನ್ನು ನಾನು ಅರ್ಧ ನಂಬುತ್ತೇನೆ.

ಚಿಕ್ಕವಳಿದ್ದಾಗ ನೀನು ತೋಟದ ಅಂಚಿನಲ್ಲಿ ಕೆಸುವಿನ ಎಲೆಯ ಮೇಲೆ ನೀರಿನ ಗುಂಡು ಉರುಳಿಸುತ್ತಿದ್ದೆ, ನೆನಪಿದೆಯೇ? ಎಲೆಯನ್ನು ಹೆಬ್ಬೆರಳಿನಿಂದ ಉಜ್ಜಿದ ಕಡೆ ಮಾತ್ರ ಹನಿ ಅಂಟಿಕೊಳ್ಳುತ್ತಿತ್ತು. ಅಲ್ಲಿನ ಮೇಣದ ಸೂಕ್ಷ್ಮ ಉಬ್ಬುತಗ್ಗುಗಳು ಅಳಿಸಿಹೋಗುತ್ತಿದ್ದವು, ಅವುಗಳ ನಡುವೆ ಹನಿಯನ್ನು ಎತ್ತಿ ಹಿಡಿದಿದ್ದ ಗಾಳಿಯೂ ಹೋಗುತ್ತಿತ್ತು. ನಿನ್ನ ಅಜ್ಜ ಅಡಿಕೆಗೆ ಕೊಳೆ ಔಷಧಿ ಹೊಡೆಸುವಾಗ ಮೈಲುತುತ್ತ, ಸುಣ್ಣಗಳ ಜೊತೆ ರಾಳ ಸೇರಿಸುತ್ತಿದ್ದದ್ದೂ ಹನಿಗೂ ಮೇಲ್ಮೈಗೂ ನಡುವಿನ ಇದೇ ಜಗಳದ ಕಾರಣಕ್ಕೆ. ನುಣುಪಾದ ಕಾಯಿಯ ಮೇಲೆ ಬರೀ ದ್ರಾವಣ ನಿಲ್ಲಲೊಲ್ಲದು.

ನನ್ನದೇ ಒಂದು ತಪ್ಪನ್ನು ನಿನಗೆ ಹೇಳಬೇಕು. ನಾನು ಮುದ್ರಣದ ಶಾಯಿ ತಯಾರಿಸುವ ಕಾರ್ಖಾನೆಯಲ್ಲಿದ್ದಾಗ, ಹಾಲಿನ ಪೊಟ್ಟಣಕ್ಕೆ ಬಳಸುವಂಥ ಪಾಲಿಥೀನ್ ಹಾಳೆಯನ್ನು ಪರೀಕ್ಷಿಸುವ ಹೊಣೆ ನನ್ನದಾಗಿತ್ತು. ಬರೀ ಪಾಲಿಥೀನಿನ ಮೇಲ್ಮೈ ಶಕ್ತಿ ಕಾರ್ಖಾನೆಯ ಲೆಕ್ಕದಲ್ಲಿ 31 ಡೈನ್ (ಅಂದರೆ ಅಷ್ಟೇ ಮಿಲಿನ್ಯೂಟನ್ ಪ್ರತಿ ಮೀಟರ್) ಆಸುಪಾಸಿನಲ್ಲಿರುತ್ತದೆ, ಶಾಯಿ ಹಿಡಿಯುವುದಿಲ್ಲ. ಕೊರೋನಾ ಎಂಬ ಹೆಚ್ಚಿನ ವೋಲ್ಟೇಜಿನ ವಿದ್ಯುತ್ ವಿಸರ್ಜನೆಯನ್ನು ಹಾಯಿಸಿ ಅದನ್ನು 38ಕ್ಕೆ ಏರಿಸುತ್ತಾರೆ. ಬಂದ ಸುರುಳಿಗಳನ್ನು ನಾನು ಅಳೆದೆ, ಸರಿಯಿತ್ತು, ಸಹಿ ಹಾಕಿದೆ. ಅವು ಎರಡು ತಿಂಗಳು ಉಗ್ರಾಣದಲ್ಲಿ ಬಿದ್ದಿದ್ದವು. ಮುದ್ರಿಸಿದ ಮೇಲೆ ಶಾಯಿ ಪದರಪದರವಾಗಿ ಕಿತ್ತುಬಂತು. ಕೊರೋನಾ ಕೊಟ್ಟ ಗುಣ ದಿನ ಕಳೆದಂತೆ ಇಳಿಯುತ್ತದೆ, ಹಾಳೆ ಜಾರಲೆಂದು ಒಳಗೆ ಬೆರೆಸಿದ ವಸ್ತುವೂ ಮೇಲಕ್ಕೆ ಬಂದು ಕೂರುತ್ತದೆ. ನನಗದು ಓದಿ ಗೊತ್ತಿತ್ತು. ಆದರೂ ಹಳೆಯ ಅಂಕಿಯನ್ನು ನಂಬಿ, ಮುದ್ರಣದ ದಿನ ಮತ್ತೆ ಅಳೆಯಲಿಲ್ಲ. ಮುದ್ರಕರ ಪಾಳಿಯವರು ರಾತ್ರಿಯಿಡೀ ಆ ಸುರುಳಿಗಳನ್ನು ಬಿಚ್ಚಿ ಎಸೆದದ್ದನ್ನು ನಿಂತು ನೋಡಿದ್ದೇನೆ.

ದ್ರವದ ಕಡೆಯೂ ಎಚ್ಚರವಿರಲಿ. ಪ್ರತಿದಿನ ಬೆಳಿಗ್ಗೆ ಘನವನ್ನು ಮುಟ್ಟುವ ಮೊದಲು ಸೂಜಿಯ ತುದಿಯಲ್ಲಿ ನೀರಿನ ಹನಿಯೊಂದನ್ನು ತೂಗುಬಿಡು. ಅದರ ಭಾರ ಕೆಳಕ್ಕೆ ಎಳೆಯುತ್ತದೆ, ಮೇಲ್ಮೈ ಗುಂಡಾಗಿಸಲು ನೋಡುತ್ತದೆ, ಆ ಆಕಾರದಿಂದಲೇ ಎಳೆತದ ಲೆಕ್ಕ ಸಿಗುತ್ತದೆ. ಹನಿ ಬೀಳುವಷ್ಟು ದೊಡ್ಡದಾಗುವ ಸ್ವಲ್ಪ ಮೊದಲು ಅಳೆ, ಸಣ್ಣ ಹನಿ ಬರೀ ಗೋಳವಾಗಿರುವುದರಿಂದ ಏನನ್ನೂ ಹೇಳುವುದಿಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 72 ಬರಬೇಕು. 65 ಬಂದರೆ ಅಂದಿನ ಕೆಲಸ ನಿಲ್ಲಿಸಿ ಸಿರಿಂಜ್ ತೊಳೆ, ಎಲ್ಲೋ ಸೋಪು ಉಳಿದಿದೆ. ಗಾಜಿನ ಮೇಲಿನ ಹನಿಗಾದರೆ 2ರಿಂದ 5 ಮೈಕ್ರೋಲೀಟರ್ ಸಾಕು. ಬೇಗ ಚಿತ್ರ ತೆಗೆ, ಇಲ್ಲವಾದರೆ ಅಂಚು ಕಚ್ಚಿಕೊಂಡೇ ನೀರು ಆರಿ ಕೋನ ಇಳಿದುಹೋಗುತ್ತದೆ.

ನೀರಿನ ಮೇಲ್ಮೈ ಎಷ್ಟು ಸುಲಭವಾಗಿ ಮಲಿನವಾಗುತ್ತದೆಂದು ನಮಗೆ ಮನವರಿಕೆ ಮಾಡಿಕೊಟ್ಟವರಲ್ಲಿ ಆಗ್ನೆಸ್ ಪಾಕೆಲ್ಸ್ ಮೊದಲ ಸಾಲಿನವಳು. ಜರ್ಮನಿಯ ಬ್ರೌನ್ಷ್ವೈಗ್‌ನಲ್ಲಿ ಮನೆ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು. ಹುಡುಗಿಯರಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲ. ಅಡುಗೆಮನೆಯಲ್ಲಿ ತಗಡಿನ ತೊಟ್ಟಿಯೊಂದರಲ್ಲಿ ನೀರು ತುಂಬಿ, ಮೇಲ್ಮೈಯನ್ನು ಪಟ್ಟಿಯಿಂದ ಗುಡಿಸಿ, ಪುಟ್ಟ ಬಿಲ್ಲೆಯೊಂದನ್ನು ನೀರಿನಿಂದ ಮೇಲೆಳೆಯಲು ಬೇಕಾದ ಬಲವನ್ನು ಅಳೆಯುತ್ತಿದ್ದಳು. 1891ರಲ್ಲಿ ಅದನ್ನೆಲ್ಲ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿಗೆ ಬರೆದಳು, ಆತ ಆ ಪತ್ರವನ್ನು ‘ನೇಚರ್’ ಪತ್ರಿಕೆಗೆ ಕಳುಹಿಸಿ ಅಚ್ಚು ಹಾಕಿಸಿದ. ನಿನ್ನ ಕೈ ಸರಿಯಿಲ್ಲ ಎಂದು ಅನ್ನಿಸಿದಾಗ ಅವಳ ತೊಟ್ಟಿಯನ್ನು ನೆನೆದುಕೋ.

ಚಿತ್ರಗಳಲ್ಲಿ ಯಾವುದನ್ನೂ ಅಳಿಸಬೇಡ. ಬೆಳಕು ಕೆಟ್ಟದ್ದು, ಧೂಳು ಬಿದ್ದದ್ದು ಇದ್ದರೆ ಕಾರಣ ಬರೆದು ಪಕ್ಕಕ್ಕಿಡು. ಕೋನ ಇಷ್ಟವಾಗಲಿಲ್ಲ ಎಂಬುದು ಕಾರಣವಲ್ಲ. ಇದನ್ನೇ ನಿನ್ನ ಗೈಡ್‌ಗೂ ವಿನಯದಿಂದ ಹೇಳು, ಕೇಳುತ್ತಾರೆ.

ಮುಂದಿನ ವಾರ ಒಂದೇ ಗಾಜನ್ನು ತೊಳೆದು, ಗಂಟೆಗೊಮ್ಮೆ ಬೇರೆ ಬೇರೆ ಜಾಗದಲ್ಲಿ ಹನಿಯಿಟ್ಟು, ಮುನ್ನಡೆ, ಹಿನ್ನಡೆಯ ಕೋನಗಳನ್ನು ಗ್ರಾಫಿನಲ್ಲಿ ಗೆರೆ ಎಳೆದು ನನಗೆ ಕಳುಹಿಸು. ನನ್ನ ಹಳೆಯ ನೋಟುಪುಸ್ತಕದಲ್ಲಿ ಅಂಥದೇ ಒಂದು ಗೆರೆ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕೆಂಬ ಆಸೆ ನನಗೆ.

ಇತಿ ನಿನ್ನ ಪ್ರೀತಿಯ,
ದೊಡ್ಡಮ್ಮ