ಸಂಜೆ ಹೊತ್ತಿನ ಖಾರ ಬಿಸ್ಕತ್ತು

ಹಾಸನ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರವೇ ಬಂತು. ಉತ್ತರ ಬರೆಯಲು ಮನಸ್ಸು ಬಾರದೆ ಎರಡು ದಿನ ಫ್ರಿಜ್ಜಿನ ಮೇಲೆ ಇಟ್ಟಿದ್ದೆ. ಖಾರ ಬಿಸ್ಕತ್ತು ಮೂರು ಸಲವೂ ದೋಸೆಯ ಹಾಗೆ ಹರಡಿಕೊಂಡಿತು, ನಡುವೆ ಮೆತ್ತಗೇ ಉಳಿಯಿತು ಅಂದಿದ್ದೀಯ. ಅದೇನು ದೊಡ್ಡ ವಿಷಯವಲ್ಲ, ಸರಿಹೋಗುತ್ತದೆ. ಆದರೆ ಕೊನೆಯಲ್ಲಿ ಅಂಚಿಗೆ ಒಂದು ಸಾಲು ಗೀಚಿದ್ದೀಯಲ್ಲ, "ನನಗೂ ಅಮ್ಮನ ಹಾಗೆ ಕೈಗುಣ ಇಲ್ಲವೇನೋ ದೊಡ್ಡಮ್ಮ" ಅಂತ, ಅದನ್ನು ಓದಿದ ಮೇಲೆ ನನಗೆ ನಿದ್ದೆ ಬಂದಿಲ್ಲ.

ಅಮ್ಮನ ಹಾಗೆ ಅಂತ ನಿನಗೆ ಹೇಳಿದವರು ಯಾರು? ಅವಳೇ ಹೇಳಿಕೊಂಡಳೇ?

ನಿನ್ನ ಓಟಿಜಿ ಓವನ್ನನ್ನು ಮೊದಲೇ ಕಾಯಿಸಿದ್ದೆಯೋ ಇಲ್ಲವೋ, ನೀನು ಬರೆದಿಲ್ಲ. ಹತ್ತು ಹದಿನೈದು ನಿಮಿಷವಾದರೂ ಖಾಲಿ ಕಾಯಬೇಕು. ಕಾವು ಸಾಲದೆ ಹೋದರೆ ಹಿಟ್ಟು ಗಟ್ಟಿಯಾಗುವ ಮೊದಲೇ ಬೆಣ್ಣೆ ಕರಗಿ ಹರಿಯುತ್ತದೆ, ಬಿಸ್ಕತ್ತೂ ಅದರ ಹಿಂದೆಯೇ ಹರಿಯುತ್ತದೆ. ಇದನ್ನು ನಾನು ಈಗ ಎಷ್ಟು ಸಲೀಸಾಗಿ ಬರೆದೆ ನೋಡು. ಆಗ ಯಾರಾದರೂ ಹೇಳಿಕೊಟ್ಟಿದ್ದರೆ!

ನಮ್ಮ ಆ ದುಂಡನೆಯ ಅಲ್ಯುಮಿನಿಯಂ ಓವನ್ ನಿನಗೆ ನೆನಪಿರಲಿಕ್ಕಿಲ್ಲ. ಮುಚ್ಚಳದ ಮೇಲೆ ಬಿಲ್ಲೆಯಷ್ಟು ಗಾಜು, ಅಡಿಯಲ್ಲಿ ಕರೆಂಟಿಗೆ ಕಾಯುವ ಕಾಯಿಲ್. 1985ರ ಸುಮಾರಿಗೆ ಮನೆಗೆ ಬಂತು. ನಾನು ಮನೆಯಲ್ಲೇ ಇದ್ದವಳು, ಅತ್ತೆ ಊಟ ಮಾಡಿ ಮಲಗಿದ ಮೇಲೆ ಮಧ್ಯಾಹ್ನ ಎರಡು ಗಂಟೆಗೆ ಬಿಸ್ಕತ್ತಿಗೆ ಕೂರುತ್ತಿದ್ದೆ. ನಿನ್ನಮ್ಮ ಸ್ಕೂಲು ಮುಗಿಸಿ, ಬಸ್ಸು ಹಿಡಿದು, ಮನೆ ಸೇರುವಾಗ ಆರು. ಮುಖ ತೊಳೆದು, ಹಿಟ್ಟು ಕಲಸಿ, ಹಾರ್ಲಿಕ್ಸ್ ಬಾಟಲಿಯ ಮುಚ್ಚಳದಿಂದ ಒತ್ತಿ, ಓವನ್ನಿಗೆ ಇಡುವಾಗ ಏಳು ದಾಟಿರುತ್ತಿತ್ತು. ಆ ಹೊತ್ತಿಗೆ ಊರಿಗೆ ಊರೇ ದೀಪ ಹಾಕಿ, ನಮ್ಮ ಅಡುಗೆಮನೆಯ ಬಲ್ಬು ಕುಂಬಳಕಾಯಿ ಬಣ್ಣಕ್ಕೆ ತಿರುಗಿರುತ್ತಿತ್ತು. ನನ್ನ ಬಿಸ್ಕತ್ತು ಗರಿಗರಿ, ಅವಳದ್ದು ಪಿತಪಿತ. ಅದೇ ಮೈದಾ, ಅದೇ ಡಾಲ್ಡಾ, ಅದೇ ಹಸಿಮೆಣಸು.

ಅತ್ತೆ ಏನೂ ಅನ್ನಲಿಲ್ಲ ಕಣೇ. ಆ ಮಾತು ಆಡಿದವಳು ನಾನು. ನಿನ್ನಮ್ಮನ ತವರಿನವರು ಬಂದಿದ್ದ ದಿನ, ತಟ್ಟೆ ಮುಂದಿಟ್ಟು, "ಇದು ನಾನು ಮಾಡಿದ್ದು, ತಗೊಳ್ಳಿ. ಅವಳಿಗೆ ಬಿಸ್ಕತ್ತಿನ ಕೈಗುಣ ಇಲ್ಲ" ಅಂದೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ ಆ ಓವನ್ನನ್ನು ಅವಳು ಮುಟ್ಟಲಿಲ್ಲ.

ವರ್ಷಗಳಾದ ಮೇಲೆ ನಿಮ್ಮಣ್ಣ ಇಂಜಿನಿಯರಿಂಗ್ ಓದುವಾಗ ರಜೆಗೆ ಬಂದವನು ಏನೋ ಮಾತಿಗೆ ಹೇಳಿದ, ಕರೆಂಟು 230 ವೋಲ್ಟ್ ಇರಬೇಕಾದದ್ದು ಸಂಜೆ ಹೊತ್ತು 180ಕ್ಕೆ ಇಳಿದರೆ ಕಾಯಿಲಿನ ಕಾವು ನೂರಕ್ಕೆ ಅರುವತ್ತರಷ್ಟೇ ಉಳಿಯುತ್ತದೆ, ಅದು ವೋಲ್ಟಿನ ವರ್ಗದ ಲೆಕ್ಕ ಅಂತ. ನಾನು ಹುರುಳಿಕಾಯಿ ಹೆಚ್ಚುತ್ತಿದ್ದೆ, ಕೈ ಅಲ್ಲೇ ನಿಂತಿತು. ಟಿವಿಗೆ, ಫ್ರಿಜ್ಜಿಗೆ ಸ್ಟೆಬಿಲೈಜರ್ ಇತ್ತು. ನಿನ್ನಮ್ಮನ ಬಿಸ್ಕತ್ತಿಗೆ ಇರಲಿಲ್ಲ. ಅವತ್ತೇ ಅವಳಿಗೆ ಹೇಳಬಹುದಿತ್ತು. ಹೇಳಲಿಲ್ಲ.

ಬೆಂಗಳೂರಿನಲ್ಲಿ ಅಯ್ಯಂಗಾರ್ ಬೇಕರಿಗಳನ್ನು ಕಟ್ಟಿದವರು ಹೆಚ್ಚಾಗಿ ನಮ್ಮ ಹಾಸನ ಸೀಮೆಯವರೇ. 1898ರಲ್ಲಿ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದ ತಿರುಮಲಾಚಾರ್ಯರು ಒಬ್ಬ ಇಂಗ್ಲಿಷಿನವನ ಹತ್ತಿರ ಬೇಯಿಸುವುದನ್ನು ಕಲಿತರಂತೆ. ಮಡಿಯ ಮನೆಯಿಂದ ಹೋದವರಿಗೆ ಬ್ರೆಡ್ಡಿನ ಕೈಗುಣ ಯಾವ ಅಜ್ಜಿಯಿಂದ ಬರಬೇಕು ಹೇಳು? ಕಲಿತರು, ಅಷ್ಟೇ. ಮೊಟ್ಟೆಯಿಲ್ಲದೆ, ನಮ್ಮ ಮೆಣಸು, ಶುಂಠಿ, ಕರಿಬೇವು ಸೇರಿಸಿಕೊಂಡು ಬಿಸ್ಕತ್ತು ಮಾಡಿದರು. ಅವರೂ ಎಷ್ಟು ತಟ್ಟೆ ಸುಟ್ಟುಕೊಂಡರೋ.

ನೀನು ಅಳತೆ ಕೇಳಿದ್ದೆ, ಮರೆತೇಬಿಟ್ಟೆ. ನಾನು ಕಾಲು ಕೆಜಿ ಮೈದಾಕ್ಕೆ 125 ಗ್ರಾಂ ಬೆಣ್ಣೆ ಹಾಕುತ್ತೇನೆ. ಸಕ್ಕರೆ ಎರಡು ದೊಡ್ಡ ಚಮಚ, ಅದನ್ನು ಬಿಡಬೇಡ, ಬಣ್ಣ ಬರುವುದು ಅದರಿಂದ. ಉಪ್ಪು ಒಂದು ಸಣ್ಣ ಚಮಚ, ಅಡುಗೆ ಸೋಡಾ ಅರ್ಧ ಸಣ್ಣ ಚಮಚಕ್ಕಿಂತ ಕಡಿಮೆ. ಮೆಣಸಿನಕಾಯಿಯನ್ನು ನೀರು ಹಾಕಿ ಮಿಕ್ಸಿಯಲ್ಲಿ ರುಬ್ಬಿದೆ ಅಂತ ಬರೆದಿದ್ದೀಯ, ಅದು ಬೇಡ. ಸಣ್ಣಗೆ ಹೆಚ್ಚು. ಕೊತ್ತಂಬರಿಯನ್ನೂ ತೊಳೆದು ಬಟ್ಟೆಯ ಮೇಲೆ ಆರಿಸಿಕೋ. ಅಂಗಡಿಯ ಬೆಣ್ಣೆಯಲ್ಲೇ ನೂರು ಗ್ರಾಮಿಗೆ 16 ಗ್ರಾಂವರೆಗೆ ನೀರಿರುತ್ತದೆ. ಡಾಲ್ಡಾದಲ್ಲಿ ಅದಿರಲಿಲ್ಲ, ಅದಕ್ಕೇ ನಮ್ಮ ಕಾಲದ ಅಳತೆ ನಿನಗೆ ಹೊಂದದೆ ಹೋಗಿರಬಹುದು. ಮೊಸರು ಎರಡು ಚಮಚ ಸಾಕು, ಅದೂ ಗಟ್ಟಿಯದ್ದು. ಚಪಾತಿ ಹಿಟ್ಟಿನ ಹಾಗೆ ನಾದಬೇಡ, ಒಟ್ಟುಗೂಡಿದರೆ ಮುಗಿಯಿತು. 170 ಡಿಗ್ರಿಗೆ ಹದಿನೆಂಟು ಇಪ್ಪತ್ತು ನಿಮಿಷ. ನಿನ್ನ ಓಟಿಜಿಯ ತಿರುಪಿನ ಅಂಕಿಯನ್ನು ಪೂರ್ತಿ ನಂಬಬೇಡ. ಇನ್ನೊಂದು, ಹೊರಗೆ ತೆಗೆದಾಗ ಬಿಸ್ಕತ್ತು ಮೆತ್ತಗೇ ಇರುತ್ತದೆ. ಆರಿದ ಮೇಲೆಯೇ ಗರಿಯಾಗುವುದು. ನೀನು ಬಿಸಿಯಲ್ಲೇ ಮುರಿದು ನೋಡಿ ಕೆಟ್ಟಿತು ಅಂತ ಎಸೆದೆಯೋ ಏನೋ. ಇಷ್ಟು ದೂರದಲ್ಲಿ ಕೂತು ನಾನೇನು ಹೇಳಲಿ, ತಪ್ಪಿದ್ದರೆ ಬೈದುಕೋ.

ಇದರಲ್ಲಿ ಕೈ ಎಲ್ಲಿ ಬಂತು ಪುಟ್ಟಿ? ನೀರು, ಬೆಣ್ಣೆ, ಕಾವು. ನಿನ್ನಮ್ಮನ ಕೈ ಎಂಥದ್ದು ಅಂತ ನನಗೆ ಗೊತ್ತು. ಅವಳು ಕಲಸಿದ ಹಿಟ್ಟು ನನ್ನದಕ್ಕಿಂತ ನವಿರಾಗಿರುತ್ತಿತ್ತು. ಅದನ್ನೂ ಆಗ ಬಾಯಿಬಿಟ್ಟು ಹೇಳಲಿಲ್ಲ ನಾನು.

ಅಮ್ಮ ಅಡುಗೆಮನೆಯ ಬಾಗಿಲ ತನಕ ಬಂದು, ತಟ್ಟೆ ನೋಡಿ, ಏನೂ ಅನ್ನದೆ ಹೋದಳು ಅಂತ ಬರೆದಿದ್ದೀಯ. ಇನ್ನೊಂದು ಸಲ ಬಂದರೆ ಒಂದು ಸ್ಟೂಲು ಎಳೆದು ಕೂರಿಸು. ಹಿಟ್ಟು ಕೈಗೆ ಕೊಟ್ಟು ಉಪ್ಪು ನೋಡಲು ಹೇಳು. ನಮ್ಮ ಮನೆಯಲ್ಲಿ ದೇವರಿಗೆ ತೋರಿಸುವ ಮೊದಲು ನಾಲಗೆಗೆ ಇಡುವ ಹಾಗಿರಲಿಲ್ಲ, ನಿಮ್ಮಲ್ಲಿ ಆ ಕಟ್ಟಿಲ್ಲವಲ್ಲ. ಈ ಕಾಗದ ಅವಳಿಗೆ ತೋರಿಸಬೇಡ. ಅಥವಾ ತೋರಿಸು, ನಿನಗೆ ಹೇಗೆ ತೋರುತ್ತದೋ ಹಾಗೆ. ನಾನೇ ಎರಡು ಸಲ ಫೋನು ಮಾಡಿ, ಮಳೆ ಬಂತಾ, ಮಂಡಿ ನೋವು ಹೇಗಿದೆ ಅಂತ ಕೇಳಿ ಇಟ್ಟುಬಿಟ್ಟೆ.

ದಸರಾಕ್ಕೆ ಇಬ್ಬರೂ ಬನ್ನಿ. ಬರುವಾಗ ಒಂದು ಡಬ್ಬಿ ಬಿಸ್ಕತ್ತು ತಾ, ಹರಡಿಕೊಂಡಿದ್ದರೂ ಸರಿ.

ನಿನ್ನ ದೊಡ್ಡಮ್ಮ