ಯಾವ ಮುಖ ಇಟ್ಟುಕೊಂಡು ಪ್ರಾರ್ಥನೆ ಮಾಡಲಿ ಅಂದೆಯಲ್ಲ

ಪ್ರೀತಿಯ ಮಗನೇ,

ಕರ್ತನ ಕೃಪೆ ನಿನ್ನ ಮೇಲಿರಲಿ. ನಿನ್ನ ಕಾಗದವನ್ನು ಎರಡು ಸಲ ಓದಿದೆ. ದೇವರ ಚಿತ್ತದಂತೆ ನಡೆಯಬೇಕು ಅಂತ ಪ್ರತಿ ಭಾನುವಾರ ತೀರ್ಮಾನ ಮಾಡುತ್ತೀಯ, ಬುಧವಾರದೊಳಗೆ ಅದೇ ಕೋಪ, ಅದೇ ಸುಳ್ಳು. "ಇನ್ನು ಯಾವ ಮುಖ ಇಟ್ಟುಕೊಂಡು ಪ್ರಾರ್ಥನೆ ಮಾಡಲಿ ದೊಡ್ಡಮ್ಮ?" ಅಂತ ಕೇಳಿದ್ದೀಯ. ನಿನ್ನ ಕೋಪಕ್ಕಿಂತ ಈ ಮಾತೇ ನನಗೆ ಜಾಸ್ತಿ ಚಿಂತೆ ಹಚ್ಚಿತು.

ಯೇಸುಸ್ವಾಮಿಯ ಶಿಷ್ಯ ಪೇತ್ರನನ್ನು ನೆನಪು ಮಾಡಿಕೋ. ನಿನ್ನ ಜೊತೆ ಸಾಯುವುದಕ್ಕೂ ಸಿದ್ಧ ಅಂತ ಯೇಸುಸ್ವಾಮಿಗೆ ಹೇಳಿದವನು, ಕೋಳಿ ಕೂಗುವಷ್ಟರಲ್ಲಿ ಮೂರು ಸಲ ಆತನನ್ನು ಅರಿಯೆ ಅಂದುಬಿಟ್ಟ. ಆದರೆ ಲೂಕನ ಸುವಾರ್ತೆಯ 22ನೇ ಅಧ್ಯಾಯವನ್ನು ನಿಧಾನವಾಗಿ ಓದು. ಅವನು ಬೀಳುವ ಮುಂಚೆಯೇ ಯೇಸುಸ್ವಾಮಿ ಅವನಿಗೋಸ್ಕರ ಪ್ರಾರ್ಥನೆ ಮಾಡಿದ್ದರು, ಅವನ ನಂಬಿಕೆ ಕುಂದಬಾರದು ಅಂತ. ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ಗಟ್ಟಿ ಮಾಡು ಅಂತಲೂ ಹೇಳಿದ್ದರು. ತಿರುಗಿಕೊಂಡ ಮೇಲೆ! ಬರುತ್ತಾನೋ ಇಲ್ಲವೋ ಅನ್ನುವ ಅನುಮಾನವೇ ಅಲ್ಲಿಲ್ಲ. ಇಷ್ಟು ವರ್ಷ ಓದಿದ್ದೇನೆ, ಈ ಸಾಲು ಬಂದರೆ ಈಗಲೂ ಕಣ್ಣು ತುಂಬುತ್ತೆ.

ಯೋಹಾನನು ತನ್ನ ಸುವಾರ್ತೆಯಲ್ಲಿ ಇನ್ನೊಂದು ವಿಷಯ ಬರೆದಿದ್ದಾನೆ. ಪೇತ್ರ ಅರಿಯೆ ಅಂದಿದ್ದು ಇದ್ದಲಿನ ಬೆಂಕಿಯ ಹತ್ತಿರ, ಚಳಿ ಕಾಯಿಸಿಕೊಳ್ಳುತ್ತಾ. ಆಮೇಲೆ 21ನೇ ಅಧ್ಯಾಯದಲ್ಲಿ, ಯೇಸುಸ್ವಾಮಿ ಸತ್ತು ಜೀವಂತವಾಗಿ ಎದ್ದ ಮೇಲೆ, ಸಮುದ್ರದ ದಡದಲ್ಲಿ ಮತ್ತೆ ಕೆಂಡ. ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಯೇಸುಸ್ವಾಮಿ ಮೊದಲು ಊಟಕ್ಕೆ ಕರೆದರು. ಊಟವಾದ ಮೇಲೆ ಮೂರು ಸಲ, ನನ್ನನ್ನು ಪ್ರೀತಿಸುತ್ತೀಯಾ ಅಂತ ಕೇಳಿ, ತಮ್ಮ ಕುರಿಗಳನ್ನು, ಅಂದರೆ ತಮ್ಮ ಜನರನ್ನು, ಮೇಯಿಸುವ ಕೆಲಸ ಕೊಟ್ಟರು.

ನಾನೂ ನಿನ್ನ ಹಾಗೆ ದೂರ ಉಳಿದವಳೇ. ಒಂದು ಸಲ ನಿನ್ನ ಅಮ್ಮನಿಗೆ ಅನ್ನಬಾರದ ಮಾತು ಅಂದೆ. ತಪ್ಪು ನನ್ನದೇ ಅಂತ ಗೊತ್ತಿತ್ತು. ಮನಸ್ಸು ಸ್ವಲ್ಪ ಸರಿಹೋಗಲಿ, ಆಮೇಲೆ ಪ್ರಾರ್ಥನೆ ಮಾಡೋಣ ಅಂತ ಮೂರು ತಿಂಗಳು ಬೈಬಲ್ ಮುಟ್ಟಲಿಲ್ಲ. ಕೊನೆಗೆ ತೆಗೆದಾಗ, ಅದರೊಳಗಿನ ಕೆಂಪು ರಿಬ್ಬನ್ ತೇವಕ್ಕೆ ಬಣ್ಣ ಬಿಟ್ಟು ಹಾಳೆಗೆ ಅಂಟಿಕೊಂಡಿತ್ತು. ಆ ಗೆರೆ ಇವತ್ತಿಗೂ ಹಾಗೇ ಇದೆ. ಆ ಮೂರು ತಿಂಗಳಲ್ಲಿ ಮನಸ್ಸು ಸರಿಹೋಗಲಿಲ್ಲ ಕಣೋ, ಇನ್ನೂ ಕಲ್ಲಾಯಿತು. ಅವತ್ತು ಮೊಣಕಾಲೂರಿ ಅತ್ತ ಮೇಲೇ ನಿನ್ನ ಅಮ್ಮನ ಹತ್ತಿರ ಹೋಗುವ ಧೈರ್ಯ ಬಂದಿದ್ದು. ಅವಳು ಏನೂ ಅನ್ನಲಿಲ್ಲ, ಸುಮ್ನೆ ಕೈ ಹಿಡಿದುಕೊಂಡಳು.

ಹಾಗಂತ ಪಾಪವನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಪೇತ್ರ ಬಿಕ್ಕಿ ಬಿಕ್ಕಿ ಅತ್ತಿದ್ದ. ಯಾರಿಗೆ ಸುಳ್ಳು ಹೇಳಿದೆಯೋ ಅವರ ಹತ್ತಿರ ಹೋಗಿ ನಿಜ ಹೇಳು. ಕಷ್ಟ ಆಗುತ್ತೆ, ಗೊತ್ತು. ಆದರೆ ಅದಕ್ಕೂ ಮುಂಚೆ ಇವತ್ತು ರಾತ್ರಿಯೇ ಪ್ರಾರ್ಥನೆಗೆ ಕೂತುಕೋ, ಭಾನುವಾರದವರೆಗೆ ಕಾಯಬೇಡ. ಮಾತು ಬರದಿದ್ದರೆ "ಕರ್ತನೇ, ಬಂದಿದ್ದೇನೆ" ಅಂದರೂ ಸಾಕು. ಒಂಬತ್ತು ಗಂಟೆಗೆ ನಾನೂ ಇಲ್ಲಿ ನಿನ್ನ ಹೆಸರು ಹೇಳಿ ಕೂತಿರುತ್ತೇನೆ.

ನಿನ್ನ ದೊಡ್ಡಮ್ಮ